ಸರ್ವರ್ ಬಿದ್ದದ್ದು ಮೊದಲು ಯಾರಿಗೆ ಗೊತ್ತಾಗಬೇಕು?

ಇಪ್ಪತ್ತು–ಇಪ್ಪತ್ತೈದು ವರ್ಷಗಳ ಹಿಂದೆ ರಾಯಚೂರು ಜಿಲ್ಲೆಯ ಮಾನ್ವಿಯ ತಹಶೀಲ್ದಾರ್ ಕಚೇರಿಯಲ್ಲಿ ಸರ್ವರ್ ಕೆಟ್ಟಿದೆ ಎಂದು ತಿಳಿಯಲು ಬೇರೊಂದು ಯಂತ್ರ ಬೇಕಿರಲಿಲ್ಲ. 2002ರ ಹೊತ್ತಿಗೆ ಕರ್ನಾಟಕದ ‘ಭೂಮಿ’ ಯೋಜನೆ ರಾಜ್ಯದ ತಾಲೂಕುಗಳಿಗೆಲ್ಲ ತಲುಪಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ಆದರೆ ಆಯಾ ತಾಲೂಕಿನ ದಾಖಲೆ ಆಯಾ ತಾಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ಯಂತ್ರ ನಿಂತರೆ ಪಕ್ಕದ ಕೋಣೆಯ ಗುಮಾಸ್ತರಿಗೆ ಫ್ಯಾನಿನ ಸದ್ದು ನಿಂತದ್ದು ಕೇಳಿಸುತ್ತಿತ್ತು. ಕಿಟಕಿಯ ಬಳಿ ಸಾಲು ನಿಂತ ರೈತರಿಗೂ ಅದೇ ಗಳಿಗೆಯಲ್ಲಿ ಸುದ್ದಿ ಮುಟ್ಟುತ್ತಿತ್ತು. ಕೆಟ್ಟದ್ದು, ಕೆಟ್ಟದ್ದನ್ನು ಕಂಡವರು, ಕೆಟ್ಟದ್ದರಿಂದ ಕಷ್ಟಪಟ್ಟವರು ಎಲ್ಲರೂ ಒಂದೇ ಸೂರಿನ ಕೆಳಗಿದ್ದರು.

ಈಗ ಹಾಗಿಲ್ಲ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಆಸ್ತಿ ನೋಂದಣಿ, ಪಡಿತರ, ಪಿಂಚಣಿ ಎಲ್ಲದರ ಸರ್ವರುಗಳೂ ಬೆಂಗಳೂರಿಗೋ ದೆಹಲಿಗೋ ಹೋಗಿವೆ. ಮಾನ್ವಿಯಿಂದ ಬೆಂಗಳೂರು ನಾನೂರು ಕಿಲೋಮೀಟರ್ ಆಚೆಗಿದೆ. ಇದರಿಂದ ಆದ ಲಾಭ ಸಣ್ಣದಲ್ಲ. ಕೂಲಿ ಅರಸಿ ಬೆಂಗಳೂರಿಗೆ ಹೋದ ದೇವದುರ್ಗದ ಮನುಷ್ಯ ಅಲ್ಲಿಂದಲೇ ತನ್ನ ಪಹಣಿ ತೆಗೆಸಿಕೊಳ್ಳಬಹುದು. ಆದರೆ ಸರ್ವರ್ ಕೆಟ್ಟಾಗ ಅದನ್ನು ಕಣ್ಣಾರೆ ಕಾಣುವವರು ಯಾರೂ ಇಲ್ಲ. ದತ್ತಾಂಶ ಕೇಂದ್ರದ ಬೀಗ ಹಾಕಿದ ಕೋಣೆಯಲ್ಲಿ ಸಾಲಾಗಿ ಜೋಡಿಸಿದ ನೂರಾರು ಪೆಟ್ಟಿಗೆಗಳ ನಡುವೆ ಒಂದು ಪೆಟ್ಟಿಗೆ ಮೌನವಾಗಿ ಕೈಕೊಟ್ಟರೆ ಅದನ್ನು ಗುರುತಿಸಿ ಹೇಳುವ ಕೆಲಸವೂ ಯಂತ್ರದ್ದೇ. ಆ ಕಾವಲು ಯಂತ್ರಗಳು ಏನನ್ನು ನೋಡುತ್ತವೆ, ಏನನ್ನು ನೋಡುವುದಿಲ್ಲ, ನೋಡಿದ್ದನ್ನು ಯಾರಿಗೆ ಹೇಳುತ್ತವೆ ಎಂಬುದೇ ಈ ಅಧ್ಯಾಯದ ವಿಷಯ.

ದೇವದುರ್ಗ ತಾಲೂಕಿನ ಜಾಲಹಳ್ಳಿಯ ಒಂದು ರೇಷನ್ ಅಂಗಡಿಯಲ್ಲಿ ಅಜ್ಜಿಯೊಬ್ಬಳು ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿದಳು ಎಂದುಕೊಳ್ಳಿ. ಆ ಬೆರಳಚ್ಚು ಸಂಕೇತವಾಗಿ ಮಾರ್ಪಟ್ಟು ಸಿಮ್ ಕಾರ್ಡಿನ ಮೂಲಕ ಊರಂಚಿನ ಟವರಿಗೆ ಹೋಗುತ್ತದೆ. ಟವರಿನಿಂದ ಫೈಬರ್ ತಂತಿಗೆ, ಅಲ್ಲಿಂದ ಆಹಾರ ಇಲಾಖೆಯ ತಂತ್ರಾಂಶ ಓಡುವ ಸರ್ವರಿಗೆ, ಅದರ ಹಿಂದಿರುವ ದತ್ತಸಂಚಯಕ್ಕೆ, ಗುರುತು ತಾಳೆ ನೋಡಲು ಆಧಾರ್ ಪ್ರಾಧಿಕಾರದ ಕೇಂದ್ರಕ್ಕೆ. ಆ ಕೇಂದ್ರಗಳು ಇರುವುದು ಬೆಂಗಳೂರು ಮತ್ತು ಹರಿಯಾಣದ ಮಾನೇಸರಿನಲ್ಲಿ. ಉತ್ತರ ಅದೇ ದಾರಿಯಲ್ಲಿ ವಾಪಸಾಗಬೇಕು. ಎಲ್ಲ ಸರಿ ಇದ್ದರೆ ಕೆಲವೇ ಸೆಕೆಂಡುಗಳ ಕೆಲಸ ಇದು.

ಸರಿ ಇಲ್ಲದಿದ್ದರೆ ಅಂಗಡಿಯವನ ಬಾಯಿಂದ ಬರುವುದು ಒಂದೇ ಮಾತು: “ಸರ್ವರ್ ಇಲ್ರೀ, ನಾಳಿ ಬರ್ರಿ.”

ಯಂತ್ರದ ಪರದೆ ಮಾತ್ರ ಇದಕ್ಕಿಂತ ಹೆಚ್ಚು ಹೇಳಿರುತ್ತದೆ. ಅದರಲ್ಲಿ 300 ಎಂಬ ಸಂಖ್ಯೆ ಮೂಡಿದ್ದರೆ ಬೆರಳಚ್ಚು ತಾಳೆಯಾಗಿಲ್ಲ ಎಂದರ್ಥ. ಸರ್ವರ್ ಗಟ್ಟಿಮುಟ್ಟಾಗಿಯೇ ಇದೆ, ಹತ್ತಿ ಬಿಡಿಸಿ ಸವೆದ ಬೆರಳನ್ನು ಅದು ಗುರುತಿಸಲಿಲ್ಲ ಅಷ್ಟೆ. ಅದೇ ವೆಬ್ ತಾಣವೊಂದು 503 ಎಂದು ತೋರಿಸಿದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ ಎಂದು. 504 ಎಂದರೆ ಮುಂಬಾಗಿಲಿನ ಯಂತ್ರ ನೆಟ್ಟಗಿದೆ, ಒಳಗಿನ ಯಂತ್ರದ ಉತ್ತರಕ್ಕೆ ಕಾದು ಕಾದು ಕೈಬಿಟ್ಟಿದೆ. ಒಂದೊಂದು ಸಂಖ್ಯೆಯೂ ಒಂದೊಂದು ಬೇರೆ ರೋಗ, ಒಬ್ಬೊಬ್ಬ ಬೇರೆ ವೈದ್ಯ. ಕೌಂಟರಿಗೆ ಬರುವಷ್ಟರಲ್ಲಿ ಎಲ್ಲವೂ ‘ಸರ್ವರ್ ಇಲ್ರೀ’ ಆಗಿರುತ್ತದೆ. ಅಜ್ಜಿ ಮರುದಿನ ಕೂಲಿ ಬಿಟ್ಟು ಮತ್ತೆ ಬರುತ್ತಾಳೆ. ತೊಂದರೆ ಬೆರಳಿನದಾಗಿದ್ದರೆ ಮರುದಿನವೂ ಅದೇ ಕಥೆ.

ಈ ಸರಪಳಿಯ ಒಂದು ಲೆಕ್ಕವನ್ನು ನೋಡಬೇಕು. ಯಂತ್ರ, ಟವರ್, ಫೈಬರ್, ಇಲಾಖೆಯ ಸರ್ವರ್, ದತ್ತಸಂಚಯ, ಆಧಾರ್ ಕೇಂದ್ರ ಎಂದು ಆರು ಕೊಂಡಿಗಳು. ಪ್ರತಿಯೊಂದೂ ನೂರಕ್ಕೆ 99 ಪಾಲು ಸಮಯ ಸರಿಯಾಗಿರುತ್ತದೆ, ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲ ಎಂದು ಇಟ್ಟುಕೊಳ್ಳೋಣ. ಆರೂ ಒಟ್ಟಿಗೆ ಸರಿಯಿರುವ ಸಮಯ ಶೇ. 94ರ ಆಸುಪಾಸಿಗೆ ಇಳಿಯುತ್ತದೆ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ತೆರೆದಿರುವ ಅಂಗಡಿಯಲ್ಲಿ ಅದು ಸುಮಾರು 12 ಗಂಟೆ ಬಾಗಿಲು ಮುಚ್ಚಿದ್ದಕ್ಕೆ ಸಮ. ಆರು ಸಂಸ್ಥೆಗಳವರೂ ತಮ್ಮ ತಮ್ಮ ವರದಿಯಲ್ಲಿ ‘ಶೇ. 99’ ಎಂದು ಬರೆದುಕೊಳ್ಳುತ್ತಾರೆ. ಸುಳ್ಳೇನೂ ಅಲ್ಲ. ಆದರೆ ಆ 12 ಗಂಟೆ ಯಾರ ವರದಿಯಲ್ಲೂ ಇರುವುದಿಲ್ಲ.

ಇನ್ನು ಕಾವಲಿನ ವಿಧಾನಗಳಿಗೆ ಬರೋಣ. ಅತ್ಯಂತ ಸರಳವಾದದ್ದು ಕೂಗಿ ಕರೆದು ಉತ್ತರಕ್ಕೆ ಕಾಯುವುದು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್, ಜಾಲದ ತೊಂದರೆ ಹುಡುಕಲು ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಇಂದಿಗೂ ಕಂಪ್ಯೂಟರ್ ರಿಪೇರಿಯವರು ಮೊದಲು ಒತ್ತುವುದು ಅದನ್ನೇ. ಒಂದು ಯಂತ್ರ ಇನ್ನೊಂದಕ್ಕೆ ಪುಟ್ಟ ಪೊಟ್ಟಣ ಕಳಿಸುತ್ತದೆ, ಅದು ಹಾಗೇ ಹಿಂದಕ್ಕೆ ಬರಬೇಕು. ಬಂತೆಂದರೆ ಯಂತ್ರಕ್ಕೆ ವಿದ್ಯುತ್ತಿದೆ, ತಂತಿ ಕೂಡಿದೆ ಎಂದಾಯಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ತಹಶೀಲ್ದಾರ್ ಕಚೇರಿಯ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಸಾಹೇಬರು ಸೀಟಿನಲ್ಲಿದ್ದಾರೆ ಎನ್ನಲಾಗದು.

ಹಾಗಾಗಿ ಮುಂದೆ ಬಂದ ಕಾವಲು ತಂತ್ರಾಂಶಗಳು ಸೇವೆಯನ್ನೇ ಕೇಳಿ ನೋಡತೊಡಗಿದವು. 1999ರಲ್ಲಿ ಅಮೆರಿಕದ ಎಥಾನ್ ಗಾಲ್‌ಸ್ಟಾಡ್ ‘ನೆಟ್‌ಸೇಂಟ್’ ಎಂಬ ಉಚಿತ ತಂತ್ರಾಂಶವನ್ನು ಹೊರತಂದರು. ಮುಂದೆ ಅದು ‘ನಾಗಿಯೋಸ್’ ಎಂಬ ಹೆಸರಿನಲ್ಲಿ ಲೋಕವೆಲ್ಲ ಹರಡಿತು. ಅದರ ಕ್ರಮದಲ್ಲಿ ಒಂದು ವಿವೇಕವಿದೆ. ಒಂದು ಸಲ ಉತ್ತರ ಬರಲಿಲ್ಲವೆಂದು ಅದು ಬೊಬ್ಬೆ ಹಾಕುವುದಿಲ್ಲ. ಮತ್ತೊಮ್ಮೆ, ಮಗದೊಮ್ಮೆ ಕೇಳುತ್ತದೆ. ನಿಗದಿಪಡಿಸಿದಷ್ಟು ಸಲ ಸತತವಾಗಿ ಸೋತ ಮೇಲೆಯೇ ಇದು ನಿಜವಾದ ಕೇಡು ಎಂದು ತೀರ್ಮಾನಿಸಿ, ಹೊಣೆಗಾರರ ಫೋನಿಗೆ ಸಂದೇಶ ಕಳಿಸುತ್ತದೆ. ಎಷ್ಟು ಸಲ ಕೇಳಬೇಕು ಎಂಬುದೇ ಇಡೀ ವಿದ್ಯೆಯ ಕಷ್ಟದ ಜಾಗ. ಕಡಿಮೆ ಸಲವೆಂದರೆ ಸುಳ್ಳು ಕೂಗು ಹೆಚ್ಚುತ್ತದೆ. ರಾತ್ರಿ ಮೂರಕ್ಕೆ ಹತ್ತು ಸಲ ಸುಮ್ಮನೆ ಎಬ್ಬಿಸಿಕೊಂಡ ಎಂಜಿನಿಯರ್ ಹನ್ನೊಂದನೆಯ ಸಲ ಫೋನನ್ನು ದಿಂಬಿನಡಿಗೆ ತಳ್ಳುತ್ತಾನೆ. ಹೆಚ್ಚು ಸಲವೆಂದರೆ ಕೇಡು ಗೊತ್ತಾಗುವಷ್ಟರಲ್ಲಿ ಸಾಲಿನಲ್ಲಿ ನಿಂತವರು ಮನೆಗೆ ಹೋಗಿರುತ್ತಾರೆ.

ಮತ್ತೊಂದು ದಾರಿ ತಿರುವುಮುರುವು. ಇಲ್ಲಿ ಕಾವಲುಗಾರ ಕೇಳುವುದಿಲ್ಲ, ಸರ್ವರೇ ನಿಮಿಷಕ್ಕೊಮ್ಮೆ ‘ಇದ್ದೇನೆ’ ಎಂದು ಹೇಳುತ್ತಿರಬೇಕು. ‘ಹಾರ್ಟ್‌ಬೀಟ್’ ಎನ್ನುವುದು ಇದನ್ನೇ. ಹೇಳುವುದು ನಿಂತರೆ ಆ ಮೌನವೇ ದೂರು. ಸತ್ತ ಯಂತ್ರ ತಾನು ಸತ್ತೆನೆಂದು ಸಂದೇಶ ಕಳಿಸಲಾರದು ಎಂಬ ತೀರಾ ಸಾಮಾನ್ಯವಾದ ಸತ್ಯ ಇದರ ಬುಡದಲ್ಲಿದೆ. ಸಾಮಾನ್ಯವಾದದ್ದೇ ಆದರೂ ದೊಡ್ಡ ದೊಡ್ಡ ವ್ಯವಸ್ಥೆಗಳು ಅದನ್ನು ಮರೆತು ಪೆಟ್ಟು ತಿಂದಿವೆ. ಅದರ ಕಥೆ ಮುಂದೆ ಬರುತ್ತದೆ.

ಯಂತ್ರ ಬದುಕಿದೆಯೋ ಇಲ್ಲವೋ ಎನ್ನುವುದಕ್ಕಿಂತ ಅದು ಹೇಗೆ ಬದುಕಿದೆ ಎಂಬುದು ಮುಖ್ಯ. ಗೂಗಲ್ ಕಂಪನಿಯ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ನಾಲ್ಕನ್ನು ಮಾತ್ರವಾದರೂ ಅಳೆಯಿರಿ ಎಂದಿದ್ದಾರೆ: ಉತ್ತರಕ್ಕೆ ಹಿಡಿದ ಸಮಯ, ಬರುತ್ತಿರುವ ಕೋರಿಕೆಗಳ ಪ್ರಮಾಣ, ಅವುಗಳಲ್ಲಿ ಎಡವಿದವೆಷ್ಟು, ಯಂತ್ರ ಎಷ್ಟು ತುಂಬಿದೆ. ಮೊದಲನೆಯದರಲ್ಲೇ ಒಂದು ಗುಂಡಿಯಿದೆ. ನೂರು ಜನ ಪ್ರಮಾಣಪತ್ರ ಕೇಳಿದರು, 95 ಜನರಿಗೆ ಒಂದು ಸೆಕೆಂಡಿನಲ್ಲಿ ಸಿಕ್ಕಿತು, 5 ಜನರಿಗೆ ಒಂದೊಂದು ನಿಮಿಷ ಹಿಡಿಯಿತು ಎನ್ನಿ. ಸರಾಸರಿ ತೆಗೆದರೆ 4 ಸೆಕೆಂಡಿಗೂ ಕಡಿಮೆ. ಬೆಂಗಳೂರಿನ ಪರದೆಯಲ್ಲಿ ಹಸಿರು ದೀಪ ನಗುತ್ತಿರುತ್ತದೆ. ಆ ಐವರೂ ಗಬ್ಬೂರಿನ ನಾಡಕಚೇರಿಯವರೇ ಆಗಿದ್ದರೆ, ಗಬ್ಬೂರಿನ ಪಾಲಿಗೆ ಆ ದಿನ ಸರ್ವರ್ ಸತ್ತಂತೆಯೇ. ಅದಕ್ಕೇ ಈ ವಿದ್ಯೆ ಬಲ್ಲವರು ಸರಾಸರಿಯನ್ನು ನಂಬುವುದಿಲ್ಲ. ನೂರರಲ್ಲಿ ಕೊನೆಯವನಿಗೆ ಎಷ್ಟು ಹೊತ್ತಾಯಿತು ಎಂದು ಕೇಳುತ್ತಾರೆ.

ಯಂತ್ರದ ಒಳಗಿನ ಭಾಗಗಳೂ ತಮ್ಮ ಆರೋಗ್ಯ ತಾವೇ ಹೇಳಿಕೊಳ್ಳುತ್ತವೆ. ಹಾರ್ಡ್ ಡಿಸ್ಕುಗಳಲ್ಲಿ ‘ಸ್ಮಾರ್ಟ್’ ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಇದೆ. 2007ರಲ್ಲಿ ಗೂಗಲ್ ಸಂಶೋಧಕರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ತೆಗೆದಾಗ, ಕೆಟ್ಟುಹೋದವುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಮೊದಲೇ ಕೊಟ್ಟಿರಲಿಲ್ಲ ಎಂದು ಕಂಡುಬಂತು. ಎಚ್ಚರಿಕೆ ಬಂದರೆ ನಂಬಬೇಕು, ಬರಲಿಲ್ಲವೆಂದು ನಿಶ್ಚಿಂತರಾಗಬಾರದು. ರಾಯಚೂರಿನಂಥ ಊರಿನಲ್ಲಿ ಇನ್ನೊಂದು ತೊಡಕೂ ಇದೆ. ಬೇಸಿಗೆಯಲ್ಲಿ ಬಿಸಿಲು 42–43 ಡಿಗ್ರಿ ದಾಟುವ ಜಾಗ ಇದು. ಯುಪಿಎಸ್‌ನ ಸೀಸ–ಆಮ್ಲ ಬ್ಯಾಟರಿಗಳ ಆಯುಸ್ಸು ಉಷ್ಣತೆ ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಸಿ ಇಲ್ಲದ ಕೋಣೆಯ ಮೂಲೆಯಲ್ಲಿ ಕೂತ ಬ್ಯಾಟರಿ ಕರೆಂಟ್ ಹೋಗುವ ತನಕ ಸರಿಯಾಗೇ ಕಾಣುತ್ತದೆ. ಹೋದ ಎರಡನೇ ನಿಮಿಷಕ್ಕೆ ಅದರ ನಿಜ ಗೊತ್ತಾಗುತ್ತದೆ. ಅಲ್ಲಿ ಉಷ್ಣತೆ ಅಳೆಯುವ ಅಗ್ಗದ ಸಂವೇದಕವೊಂದನ್ನು ಕೂರಿಸಿದರೂ ಸಾಕು, ಅರ್ಧ ಕೇಡು ಮೊದಲೇ ತಿಳಿಯುತ್ತದೆ.

ಈಗ, ಮೌನವೂ ದೂರೆಂಬುದನ್ನು ಮರೆತು ಪೆಟ್ಟು ತಿಂದವರ ಆ ಕಥೆ. 2003ರ ಆಗಸ್ಟ್ 14, ಅಮೆರಿಕದ ಒಹಾಯೋ ರಾಜ್ಯ. ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಮಧ್ಯಾಹ್ನ 2:14ರ ನಂತರ ಅಲಾರಂ ತಂತ್ರಾಂಶ ಸದ್ದಿಲ್ಲದೆ ಹೆಪ್ಪುಗಟ್ಟಿತು. ಎರಡು ಪ್ರಕ್ರಿಯೆಗಳು ಒಂದೇ ಕ್ಷಣದಲ್ಲಿ ಒಂದೇ ದತ್ತಾಂಶಕ್ಕೆ ಕೈಹಾಕಿದಾಗ ಆಗುವ ತೀರಾ ಅಪರೂಪದ ದೋಷ ಅದು. ಆಮೇಲೆ ಅದನ್ನು ಪತ್ತೆಹಚ್ಚಲು ತಜ್ಞರು ವಾರಗಟ್ಟಲೆ ತಂತ್ರಾಂಶದ ಸಾಲುಗಳನ್ನು ಜಾಲಾಡಬೇಕಾಯಿತು. ಅಲಾರಂ ಬರಲಿಲ್ಲ, ಹಾಗಾಗಿ ನಿರ್ವಾಹಕರು ಎಲ್ಲ ಸರಿಯಿದೆ ಎಂದುಕೊಂಡರು. ಹೊರಗಡೆ ಹೈಟೆನ್ಷನ್ ತಂತಿಗಳು ಜೋತುಬಿದ್ದು ಮರಗಳಿಗೆ ತಾಗಿ ಒಂದೊಂದಾಗಿ ಕಡಿತಗೊಳ್ಳುತ್ತಿದ್ದವು.

ಕೇಳಬೇಕಾದ ಭಾಗ ಮುಂದಿನದು. ಹೆಪ್ಪುಗಟ್ಟಿದ ಅಲಾರಂ ಹೊತ್ತಿದ್ದ ಸರ್ವರ್ 2:41ಕ್ಕೆ ಕುಸಿಯಿತು. ಅದರ ಹೊರೆ ಎತ್ತಿಕೊಂಡ ಬದಲಿ ಸರ್ವರ್ 2:54ಕ್ಕೆ ಕುಸಿಯಿತು. ಸರ್ವರ್ ಕಾವಲು ವ್ಯವಸ್ಥೆ ತನ್ನ ಕೆಲಸ ಚೊಕ್ಕವಾಗಿ ಮಾಡಿತು. ಐಟಿ ಸಿಬ್ಬಂದಿಯ ಪೇಜರುಗಳಿಗೆ ತಾನಾಗಿಯೇ ಸಂದೇಶ ಹೋಯಿತು. ಅವರು ಬಂದರು, 3:08ರ ಹೊತ್ತಿಗೆ ಸರ್ವರನ್ನು ಮತ್ತೆ ಚಾಲೂ ಮಾಡಿದರು. ಸರ್ವರ್ ಓಡುತ್ತಿದೆ ಎಂದು ಖಚಿತಪಡಿಸಿಕೊಂಡರು. ಅದರ ಮೇಲಿನ ಅಲಾರಂ ಮಾತ್ರ ಇನ್ನೂ ಸತ್ತೇ ಇತ್ತು. ಕಂಟ್ರೋಲ್ ರೂಮಿನವರನ್ನು ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು, ಯಾರೂ ಕೇಳಲಿಲ್ಲ. ಅಲಾರಂ ಕೆಲಸ ಮಾಡುತ್ತಿಲ್ಲ ಎಂಬ ವಿಷಯ ನಿರ್ವಾಹಕರು ಮತ್ತು ಐಟಿಯವರ ನಡುವೆ ಚರ್ಚೆಗೆ ಬಂದದ್ದು 3:42ಕ್ಕೆ. 4:10ರ ಸುಮಾರಿಗೆ ಅಮೆರಿಕದ ಈಶಾನ್ಯದ ಹಲವು ಭಾಗಗಳೂ ಕೆನಡಾದ ಒಂಟಾರಿಯೋ ಪ್ರಾಂತ್ಯವೂ ಕತ್ತಲಾದವು. ಸುಮಾರು 5 ಕೋಟಿ ಜನ ವಿದ್ಯುತ್ತಿಲ್ಲದೆ ಉಳಿದರು.

ಸರ್ವರ್ ಬದುಕಿತ್ತು, ಸೇವೆ ಸತ್ತಿತ್ತು. ವರದಿ ಹೋಗಿತ್ತು, ಅದರ ಅಗತ್ಯವಿದ್ದವರಿಗೆ ಹೋಗಿರಲಿಲ್ಲ. ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಬೇರೊಂದು ಸಿಗುವುದು ಕಷ್ಟ.

ರಾಯಚೂರಿಗೆ ಇದು ದೂರದ ಕಥೆಯೇನಲ್ಲ. ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. 1985ರಲ್ಲಿ ಮೊದಲ ಘಟಕ ಆರಂಭವಾಯಿತು. ಈಗ ಎಂಟು ಘಟಕಗಳು ಸೇರಿ 1,720 ಮೆಗಾವಾಟ್ ಸಾಮರ್ಥ್ಯ. ಈ ಬಗೆಯ ಸ್ಥಾವರಗಳ ಕಂಟ್ರೋಲ್ ರೂಮುಗಳಲ್ಲಿ ಕಂಪ್ಯೂಟರುಗಳು ಬರುವ ಮೊದಲಿನಿಂದಲೂ ಒಂದು ಫಲಕವಿರುತ್ತದೆ. ಅದರ ತುಂಬ ಪುಟ್ಟ ಪುಟ್ಟ ಗಾಜಿನ ಚೌಕಗಳು, ಒಂದೊಂದರ ಮೇಲೂ ಒಂದೊಂದು ದೋಷದ ಹೆಸರು. ಬಾಯ್ಲರಿನ ಡ್ರಮ್ಮಿನಲ್ಲಿ ನೀರು ಕಡಿಮೆಯಾಯಿತು ಎನ್ನಿ, ಆ ಚೌಕ ಮಿನುಗುತ್ತದೆ, ಹೂಟರ್ ಕೂಗುತ್ತದೆ. ನಿರ್ವಾಹಕ ‘ಗೊತ್ತಾಯಿತು’ ಎಂಬ ಗುಂಡಿ ಒತ್ತಿದರೆ ಕೂಗು ನಿಲ್ಲುತ್ತದೆ, ದೀಪ ಮಾತ್ರ ನಿಂತು ಉರಿಯುತ್ತಲೇ ಇರುತ್ತದೆ. ದೋಷ ಸರಿಹೋಗದೆ ಅದು ಆರುವುದಿಲ್ಲ. ಘಟಕ ಟ್ರಿಪ್ ಆದಾಗ ಒಂದೇ ಉಸಿರಿನಲ್ಲಿ ಹತ್ತಾರು ಚೌಕಗಳು ಮಿನುಗುವುದರಿಂದ, ಮೊದಲು ಹೊತ್ತಿಕೊಂಡದ್ದು ಯಾವುದು ಎಂದು ಬೇರೆಯಾಗಿ ತೋರಿಸುವ ಏರ್ಪಾಡೂ ಇರುತ್ತದೆ. ಯಾವ ದೋಷ ಯಾವುದರ ಹಿಂದೆ ಬಂತು ಎಂದು ಮಿಲಿಸೆಕೆಂಡ್ ಲೆಕ್ಕದಲ್ಲಿ ಬರೆದಿಡುವ ಯಂತ್ರವೂ ಇರುತ್ತದೆ.

ಆ ಫಲಕದ ಕೆಳಗೆ ಇನ್ನೊಂದು ಗುಂಡಿಯಿದೆ: ಟೆಸ್ಟ್. ಅದನ್ನು ಒತ್ತಿದರೆ ಯಾವ ದೋಷವೂ ಇಲ್ಲದೆಯೇ ಎಲ್ಲ ಚೌಕಗಳೂ ಬೆಳಗಬೇಕು, ಹೂಟರ್ ಕೂಗಬೇಕು. ಒಂದು ಚೌಕ ಕತ್ತಲಾಗಿ ಉಳಿದರೆ ಅದರ ಬಲ್ಬ್ ಹೋಗಿದೆ. ಅಂದರೆ ಆ ದೋಷ ಬಂದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಚ್ಚರಿಸುವ ಯಂತ್ರವನ್ನೇ ಎಚ್ಚರದಿಂದ ನೋಡಿಕೊಳ್ಳುವ ಈ ಗುಂಡಿಯಂಥದ್ದು ಒಹಾಯೋದ ತಂತ್ರಾಂಶಕ್ಕೆ ಇದ್ದಿದ್ದರೆ 2:14ರ ಮೌನ ಮೌನವಾಗಿ ಉಳಿಯುತ್ತಿರಲಿಲ್ಲ. ಇಂದಿನ ಸರ್ವರ್ ಕಾವಲುಗಾರರು ಇದನ್ನು ಬೇರೆ ರೀತಿಯಲ್ಲಿ ಕಲಿತಿದ್ದಾರೆ. ಸದಾ ಮೊಳಗುತ್ತಲೇ ಇರುವ ಒಂದು ಹುಸಿ ಅಲಾರಂ ಇಡುತ್ತಾರೆ. ಅದು ನಿಂತರೆ ಕಾವಲು ವ್ಯವಸ್ಥೆಯೇ ಬಿದ್ದಿದೆ ಎಂದು ಹೊರಗಿನ ಇನ್ನೊಂದು ವ್ಯವಸ್ಥೆ ಕೂಗುತ್ತದೆ.

ರಾಯಚೂರಿನ ಹೆಸರು ವಿದ್ಯುತ್ತಿನ ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೂ ಇದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೇ ದಿನ ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾದಾಗ ಕರ್ನಾಟಕದ ದೀಪಗಳು ಆರಲಿಲ್ಲ. ದಕ್ಷಿಣದ ಜಾಲ ಆಗ ಬೇರೆಯೇ ಲಯದಲ್ಲಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆದಾಗ ಇಡೀ ದೇಶ ಒಂದೇ ಆವರ್ತಾಂಕಕ್ಕೆ ಬಂತು. ಒಂದೇ ಜಾಲವೆಂದರೆ ಒಂದೆಡೆಯ ಕೇಡು ಎಲ್ಲೆಡೆ ಹರಡಬಹುದು. ಹಾಗಾಗಿ ಕಾವಲೂ ಚುರುಕಾಗಬೇಕಾಯಿತು. ಹಳೆಯ ವ್ಯವಸ್ಥೆ ಕೆಲವು ಸೆಕೆಂಡುಗಳಿಗೊಮ್ಮೆ ಅಳತೆ ಕಳಿಸುತ್ತಿದ್ದಲ್ಲಿ, ಹೊಸ ಫೇಸರ್ ಮಾಪಕಗಳು ಸೆಕೆಂಡಿಗೆ 25 ಅಳತೆಗಳನ್ನು ಕಳಿಸುತ್ತವೆ. ಪ್ರತಿಯೊಂದಕ್ಕೂ ಜಿಪಿಎಸ್ ಉಪಗ್ರಹಗಳಿಂದ ಪಡೆದ ಸಮಯದ ಮುದ್ರೆ ಇರುತ್ತದೆ. ರಾಯಚೂರಿನಲ್ಲೂ ಸೊಲ್ಲಾಪುರದಲ್ಲೂ ಗಡಿಯಾರ ಒಂದೇ ಇದ್ದರೆ ತಾನೇ ಯಾವುದು ಮೊದಲು ಅಲುಗಿತು ಎಂದು ಹೇಳಲಾಗುವುದು? ಸರ್ವರುಗಳ ಲಾಗ್ ಕಡತಗಳಿಗೂ ಇದೇ ನಿಯಮ. ಗಡಿಯಾರ ಎರಡು ನಿಮಿಷ ಹಿಂದಿರುವ ಸರ್ವರಿನ ದಾಖಲೆ ತನಿಖೆಗೆ ಬಂದ ಸುಳ್ಳು ಸಾಕ್ಷಿ ಇದ್ದಂತೆಯೇ ಸರಿ.

ಕಾವಲು ಯಂತ್ರ ಕೇಡನ್ನು ಕಂಡರೂ ಕಾರಣ ಹೇಳುವುದು ಕಷ್ಟ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ಆಸ್ತಿ ನೋಂದಣಿಯ ‘ಕಾವೇರಿ 2.0’ ತಾಣ 2025ರ ಜನವರಿಯಲ್ಲಿ ತಡವರಿಸಿತು. ನೋಂದಣಿ ಕಚೇರಿಗಳಲ್ಲಿ ಜನ ಕಾದರು. ಮೇಲ್ನೋಟಕ್ಕೆ ಜನಸಂದಣಿಯಂತೆ ಕಂಡದ್ದು ಬೇಕೆಂದೇ ನಡೆಸಿದ ದಾಳಿಯಾಗಿತ್ತು. ಋಣಭಾರ ಪ್ರಮಾಣಪತ್ರದ ಹುಡುಕಾಟ ಎಂದಿನದಕ್ಕಿಂತ ಎಂಟು ಪಟ್ಟು ಏರಿತ್ತು. 62 ಇಮೇಲ್ ಖಾತೆಗಳಿಂದ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವು ಎಂದು ಬಯಲಾಯಿತು, ಸೈಬರ್ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. ಕೋರಿಕೆಗಳ ಎಣಿಕೆ ಮಾತ್ರ ನೋಡುವ ಮಾಪಕಕ್ಕೆ ಸಂಕ್ರಾಂತಿಯ ಮುಂಚಿನ ನೂಕುನುಗ್ಗಲೂ ಒಂದೇ, ದಾಳಿಯೂ ಒಂದೇ. ಯಾರು, ಎಲ್ಲಿಂದ, ಎಷ್ಟೆಷ್ಟು ಕೇಳುತ್ತಿದ್ದಾರೆ ಎಂದು ಬಿಡಿಸಿ ನೋಡುವ ಮಾಪಕವೇ ಬೇಕು.

ದಾಳಿಕೋರರೇ ಬೇಕೆಂದಿಲ್ಲ, ಒಳ್ಳೆಯವರೂ ಸರ್ವರನ್ನು ಕೆಡಹಬಲ್ಲರು. 2025ರ ಏಪ್ರಿಲ್ 12ರಂದು ಯುಪಿಐ ಪಾವತಿ ದೇಶದಾದ್ಯಂತ ಗಂಟೆಗಟ್ಟಲೆ ತೊಡರಿತು. ಕೆಲವು ಬ್ಯಾಂಕುಗಳ ಕಂಪ್ಯೂಟರುಗಳು ‘ಆ ಹಣ ಹೋಯಿತೇ, ಹೋಯಿತೇ’ ಎಂದು ಮತ್ತೆ ಮತ್ತೆ ವಿಚಾರಿಸಿದ್ದೇ ಇದಕ್ಕೆ ಕಾರಣವೆಂದು ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಕಂಡುಕೊಂಡಿತು. ಒಂದು ವಹಿವಾಟಿನ ಬಗ್ಗೆ ಎರಡು ಗಂಟೆಯಲ್ಲಿ ಮೂರು ಸಲಕ್ಕಿಂತ ಹೆಚ್ಚು ಕೇಳಬಾರದೆಂದು ಆಮೇಲೆ ಬ್ಯಾಂಕುಗಳಿಗೆ ಸೂಚನೆ ಹೋಯಿತು. ದೇವದುರ್ಗದ ಕೌಂಟರಿನಲ್ಲಿ ಪುಟ ತೆರೆಯದಾಗ ಸಿಟ್ಟಿನಿಂದ ಗುಂಡಿಯನ್ನು ಹತ್ತು ಸಲ ಒತ್ತುವ ಹುಡುಗನೂ ಸಣ್ಣ ಪ್ರಮಾಣದಲ್ಲಿ ಇದನ್ನೇ ಮಾಡುತ್ತಿರುತ್ತಾನೆ. ತಪ್ಪು ಅವನದಲ್ಲ. ‘ಸರ್ವರ್ ತುಂಬಿದೆ, 20 ನಿಮಿಷ ಬಿಟ್ಟು ನೋಡಿ’ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಅಳತೆ ಎಲ್ಲಿ ನಿಂತು ಮಾಡಬೇಕು ಎಂಬುದನ್ನು ಮಾನ್ವಿ–ರಾಯಚೂರು ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟು ಗಂಗಾವತಿ, ಸಿಂಧನೂರು ದಾಟಿ ಬರುವಷ್ಟರಲ್ಲಿ ನೀರು ಸೋತಿರುತ್ತದೆ. ಅಣೆಕಟ್ಟೆಯಲ್ಲಿ ಇಷ್ಟು ಕ್ಯುಸೆಕ್ ಬಿಟ್ಟಿದ್ದೇವೆ ಎಂಬ ಲೆಕ್ಕವನ್ನು ಕೆಳಭಾಗದವರು ಒಪ್ಪುವುದಿಲ್ಲ. 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟು, 104ನೇ ಮೈಲಿನಲ್ಲಿ ಗೇಜ್ ಎಷ್ಟು ಎಂದು ಕೇಳುತ್ತಾರೆ. ವರ್ಷ ವರ್ಷವೂ ನಡೆಯುವ ಧರಣಿ, ರಸ್ತೆತಡೆಗಳ ಬೇಡಿಕೆ ಇರುವುದೇ ಆ ಗೇಜ್ ಕಾಯ್ದುಕೊಳ್ಳಬೇಕೆಂದು. ಸರ್ವರಿನ ವಿಷಯದಲ್ಲಿ ಆ 104ನೇ ಮೈಲಿನ ಗೇಜ್ ಇನ್ನೂ ಆಗಬೇಕಿದೆ. ದತ್ತಾಂಶ ಕೇಂದ್ರದ ಒಳಗೇ ನಿಂತು ಸರ್ವರಿನ ನಾಡಿ ನೋಡುವುದು ಅಣೆಕಟ್ಟೆಯ ಲೆಕ್ಕ.

ಕೆಳಭಾಗದ ಗೇಜ್ ಇಡುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಮಾನ್ವಿ, ದೇವದುರ್ಗ, ಜಾಲಹಳ್ಳಿ, ಗಬ್ಬೂರಿನಂಥ ಕಡೆ ಕೆಲವೇ ಸಾವಿರ ರೂಪಾಯಿಯ ಪುಟ್ಟ ಕಂಪ್ಯೂಟರುಗಳನ್ನು ಇಡಬಹುದು. ಅದೇ ಸಿಮ್, ಅದೇ ಟವರ್, ಅದೇ ತಂತಿ ಬಳಸಿ, ನಿಜವಾದ ಅರ್ಜಿದಾರನಂತೆಯೇ ಐದು ನಿಮಿಷಕ್ಕೊಮ್ಮೆ ಪುಟ ತೆರೆದು, ಪರೀಕ್ಷೆಗೆಂದೇ ಇಟ್ಟ ಪಹಣಿಯೊಂದನ್ನು ಕೇಳಿ, ಹಿಡಿದ ಸಮಯವನ್ನು ಬರೆದಿಡುವುದು ಅದರ ಕೆಲಸ. ಕೃತಕ ಗ್ರಾಹಕನನ್ನು ಕಳಿಸಿ ನೋಡುವ ಈ ವಿಧಾನವನ್ನು ದೊಡ್ಡ ವ್ಯಾಪಾರಿ ತಾಣಗಳು ವರ್ಷಗಳಿಂದ ಬಳಸುತ್ತಿವೆ. ಅಲ್ಲಿ ಒಂದು ನಿಮಿಷ ಪುಟ ತೆರೆಯದಿದ್ದರೆ ಕಂಪನಿಯ ಹಣ ಹೋಗುತ್ತದೆ. ನಾಡಕಚೇರಿಯಲ್ಲಿ ಒಂದು ದಿನ ತೆರೆಯದಿದ್ದರೆ ಹೋಗುವುದು ಬಂದವನ ಕೂಲಿ.

ಕೂಲಿಯ ಮಾತು ಸುಮ್ಮನೆ ಆಡಿದ್ದಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿ 1ರಿಂದ ಮೊಬೈಲ್ ಆ್ಯಪ್ ಮೂಲಕವೇ ಹಾಜರಿ ಹಾಕುವುದು ಕಡ್ಡಾಯವಾಯಿತು. ಕೂಲಿಕಾರರ ಮೇಲ್ವಿಚಾರಕ ‘ಕಾಯಕ ಬಂಧು’ ದಿನಕ್ಕೆ ಎರಡು ಸಲ ಅವರ ಫೋಟೊ ತೆಗೆದು, ಜಾಗದ ಗುರುತಿನೊಂದಿಗೆ ಏರಿಸಬೇಕಾಯಿತು. ಏರದಿದ್ದರೆ? ಮಣ್ಣು ಅಗೆದದ್ದು ನಿಜ, ಅಗೆದವರು ಎದುರಿಗೆ ನಿಂತದ್ದೂ ನಿಜ, ಆದರೆ ಸರ್ವರಿನ ಪುಸ್ತಕದಲ್ಲಿ ಆ ದಿನ ಗೈರು. ಕಾವಲು ಯಂತ್ರ ಸರ್ವರ್ ಬಿದ್ದ ಸಮಯವನ್ನು ನಿಮಿಷ ಬಿಡದೆ ಬರೆದಿಟ್ಟಿರುತ್ತದೆ. ಆ ದಾಖಲೆಯನ್ನು ಹಾಜರಿಯ ದಾಖಲೆಯ ಪಕ್ಕಕ್ಕೆ ಇಟ್ಟು ನೋಡಿದರೆ ಯಾರ ಗೈರು ಮನುಷ್ಯನದು, ಯಾರದು ಯಂತ್ರದ್ದು ಎಂದು ತಾನಾಗಿಯೇ ಬಯಲಾಗುತ್ತದೆ. ಎರಡೂ ಕಡತ ಸರ್ಕಾರದ ಬಳಿಯೇ ಇರುತ್ತವೆ. ಅವನ್ನು ಕೂಡಿಸುವ ಪ್ರೋಗ್ರಾಂ ಬರೆಯಲು ಒಳ್ಳೆಯ ಎಂಜಿನಿಯರಿಗೆ ಬಹಳ ದಿನ ಬೇಕಿಲ್ಲ. ಕಾವಲು ವ್ಯವಸ್ಥೆಯ ವರದಿ ಇಂದು ಎಂಜಿನಿಯರಿಗೆ ಹೋಗುತ್ತದೆ, ಅಧಿಕಾರಿಗೆ ಹೋಗುತ್ತದೆ, ಗುತ್ತಿಗೆ ಕಂಪನಿಯ ದಂಡದ ಲೆಕ್ಕಕ್ಕೆ ಹೋಗುತ್ತದೆ. ಕೌಂಟರಿನ ಗೋಡೆಗೆ ಕನ್ನಡದಲ್ಲಿ, ಸಾಲಿನಲ್ಲಿ ನಿಂತವರ ಫೋನಿಗೆ ಒಂದು ಸಾಲಿನ ಸಂದೇಶವಾಗಿ, ಕೊನೆಯ ದಿನಾಂಕಗಳನ್ನು ತಾನಾಗಿಯೇ ಮುಂದೂಡುವ ಆದೇಶವಾಗಿ ಅದು ಹೋಗಲೇಬೇಕು. ಅಲ್ಲಿಯ ತನಕ ಅದು ಅರ್ಧ ಕಾವಲು.

ಆ ತನಕ ಓದುಗರು ಮಾಡಬಹುದಾದ್ದು ಒಂದಿದೆ. ಕೌಂಟರಿನಲ್ಲಿ ‘ಸರ್ವರ್ ಇಲ್ಲ’ ಎಂದಾಗ ಪರದೆಯ ಮೇಲೆ ಮೂಡಿದ ಸಂಖ್ಯೆ ಯಾವುದು ಎಂದು ಕೇಳಿ, ಅದನ್ನೂ ಗಂಟೆ–ನಿಮಿಷವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರೇಷನ್ನಿನ ವಿಷಯವಾದರೆ 1967ಕ್ಕೆ, ಉಳಿದ ಇಲಾಖೆಗಳದ್ದಾದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ, ಊರಿನ ಹೆಸರಿನ ಜೊತೆ ಅವೆರಡನ್ನೂ ಹೇಳಿ. ಸಂಖ್ಯೆ ಮತ್ತು ಸಮಯ ಎರಡೂ ಇರುವ ದೂರನ್ನು ಲಾಗ್ ಕಡತದಲ್ಲಿ ಹುಡುಕಿ ತಾಳೆ ನೋಡಬಹುದು.